ಎಸಿಎಲ್ ಆಪರೇಷನ್ ಆದ ಮೇಲೆ ಮತ್ತೆ ಆಟಕ್ಕೆ ಮರಳುವುದು ಹೇಗೆ: ಹಂತ ಹಂತವಾಗಿ

ಆಡುವಾಗ ಕಾಲು ಊರಿ ಮೈ ತಿರುಗಿಸಿದಿರಿ, ಮಂಡಿಯೊಳಗೆ 'ಟಕ್' ಅಂದಿತು, ಕೆಲವೇ ಗಂಟೆಗಳಲ್ಲಿ ಮಂಡಿ ಊದಿಕೊಂಡಿತು. ಎಂಆರ್‌ಐ ನೋಡಿ ಎಸಿಎಲ್, ಅಂದರೆ ಮಂಡಿಯೊಳಗೆ ಮೂಳೆಗಳನ್ನು ಹಿಡಿದಿಡುವ ಒಂದು ಲಿಗಮೆಂಟ್ (ಗಟ್ಟಿ ಪಟ್ಟಿ), ಹರಿದಿದೆ ಅಂದರು. ಈಗ ಆಪರೇಷನ್‌ಗೆ ದಿನ ಗೊತ್ತಾಗಿದೆ, ಅಥವಾ ಅದೂ ಮುಗಿದು ಕಾಲಿಗೆ ಬ್ಯಾಂಡೇಜ್ ಸುತ್ತಿಕೊಂಡು ಮಲಗಿದ್ದೀರಿ. ಮುಂದಿನ ಒಂದು ವರ್ಷ ಏನೇನು ಮಾಡಬೇಕು, ಯಾವುದನ್ನು ಯಾವಾಗ ಮಾಡಬಾರದು ಅನ್ನುವುದನ್ನೆಲ್ಲ ಇಲ್ಲಿ ಒಂದು ಕಡೆ ಬರೆದಿದ್ದೇನೆ.

ಎಲ್ಲರೂ ಮೊದಲು ಕೇಳುವುದು 'ಎಷ್ಟು ತಿಂಗಳು ಬೇಕು?' ಅಂತ. ತಿಂಗಳ ಲೆಕ್ಕ ಬೇಕೇ ಬೇಕು, ಯಾಕೆಂದರೆ ಒಳಗೆ ಹಾಕಿದ ಹೊಸ ಲಿಗಮೆಂಟ್ ಬಲಿಯುವುದಕ್ಕೆ ಅದರದೇ ಸಮಯ ಹಿಡಿಯುತ್ತದೆ, ಅದನ್ನು ಯಾರಿಂದಲೂ ಅವಸರ ಮಾಡಿಸಲು ಆಗುವುದಿಲ್ಲ. ಆದರೆ ತಿಂಗಳು ಕಳೆದ ಮಾತ್ರಕ್ಕೆ ಮಂಡಿ ತಯಾರಾಗಿರುತ್ತದೆ ಅಂತ ಏನೂ ಇಲ್ಲ. ಆರು ತಿಂಗಳು ಸುಮ್ನೆ ಸೋಫಾ ಮೇಲೆ ಕೂತವರಿಗೂ ಆರು ತಿಂಗಳು ಆಗಿರುತ್ತದೆ, ಅಲ್ವಾ? ಹಾಗಾಗಿ ಪ್ರತಿ ಹಂತಕ್ಕೂ ಒಂದು ಪರೀಕ್ಷೆ ಇಟ್ಟುಕೊಳ್ಳಿ. ಪಾಸಾದರೆ ಮುಂದೆ, ಇಲ್ಲದಿದ್ದರೆ ಅಲ್ಲೇ ಇನ್ನೊಂದೆರಡು ವಾರ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಸರ್ಜನ್ ಬರೆದುಕೊಟ್ಟ ಚೀಟಿಯಲ್ಲಿ ಬೇರೆ ಏನಾದರೂ ಇದ್ದರೆ ಆ ಚೀಟಿಯೇ ಸರಿ. ಒಳಗೆ ಏನು ಹೊಲಿದಿದ್ದಾರೆ ಅಂತ ಗೊತ್ತಿರುವುದು ಅವರಿಗೆ.

## ಮೊದಲು ಒಳಗೆ ಏನು ಮಾಡಿದ್ದಾರೆ ಅಂತ ಕೇಳಿ

ಎಸಿಎಲ್ ಅನ್ನುವುದು ಮಂಡಿಯ ನಡುಮಧ್ಯೆ, ತೊಡೆ ಮೂಳೆಗೂ ಮಂಡಿಯ ಕೆಳಗಿನ ಮೂಳೆಗೂ ನಡುವೆ ಅಡ್ಡವಾಗಿ ಹಾದುಹೋಗುವ ಒಂದು ಗಟ್ಟಿ ಪಟ್ಟಿ. ಕೆಳಗಿನ ಮೂಳೆ ಮುಂದಕ್ಕೆ ಜಾರದಂತೆ, ಮಂಡಿ ಬೇಡದ ಕಡೆ ತಿರುಚದಂತೆ ತಡೆಯುವುದು ಅದರ ಕೆಲಸ. ಪೂರ್ತಿ ಹರಿದದ್ದನ್ನು ಸಾಮಾನ್ಯವಾಗಿ ಹೊಲಿಯುವುದಿಲ್ಲ. ನಿಮ್ಮದೇ ಮೈಯಿಂದ ಒಂದು ಸ್ನಾಯುರಜ್ಜು ತೆಗೆದು, ಮೂಳೆಗಳಲ್ಲಿ ಸುರಂಗ ಕೊರೆದು, ಅದರಲ್ಲಿ ಕೂರಿಸುತ್ತಾರೆ. ಇದಕ್ಕೆ ಗ್ರಾಫ್ಟ್ ಅನ್ನುತ್ತಾರೆ.

ಗ್ರಾಫ್ಟ್ ಎಲ್ಲಿಂದ ತೆಗೆದಿದ್ದಾರೆ ಅನ್ನುವುದರ ಮೇಲೆ ನಿಮ್ಮ ಮೊದಲ ಕೆಲವು ತಿಂಗಳ ಕಷ್ಟ ನಿಂತಿದೆ. ತೊಡೆಯ ಹಿಂಭಾಗದ ಹ್ಯಾಮ್‌ಸ್ಟ್ರಿಂಗ್‌ನಿಂದ ತೆಗೆದಿದ್ದರೆ ಹಿಂದೆ ಹಿಡಿದುಕೊಂಡಂತೆ ಇರುತ್ತದೆ, ಮೊದಲ ಆರರಿಂದ ಎಂಟು ವಾರ ಆ ಸ್ನಾಯುವಿಗೆ ಪ್ರತ್ಯೇಕವಾಗಿ ಭಾರ ಹಾಕುವ ವ್ಯಾಯಾಮ ಬೇಡ ಅನ್ನುತ್ತಾರೆ. ಮಂಡಿಚಿಪ್ಪಿನ ಕೆಳಗಿನ ರಜ್ಜುವಿನಿಂದ ತೆಗೆದಿದ್ದರೆ ಮಂಡಿಯ ಮುಂಭಾಗ ನೋಯುತ್ತದೆ, ಮಂಡಿಯೂರಿ ಕೂರುವುದು ತುಂಬಾ ದಿನ ಕಷ್ಟ. ಚಿಪ್ಪಿನ ಮೇಲಿನ ಕ್ವಾಡ್ರಿಸೆಪ್ಸ್ ರಜ್ಜುವಿನಿಂದ ತೆಗೆಯುವುದೂ ಇದೆ, ಆಗ ತೊಡೆಯ ಮುಂಭಾಗದ ಸ್ನಾಯು ಎಚ್ಚರಗೊಳ್ಳಲು ಸ್ವಲ್ಪ ತಡ. ದಾನಿಯಿಂದ ಪಡೆದ ಗ್ರಾಫ್ಟ್‌ನಲ್ಲಿ ಈ ನೋವುಗಳಿಲ್ಲ, ಆದರೆ ಚಿಕ್ಕ ವಯಸ್ಸಿನ ಆಟಗಾರರಲ್ಲಿ ಅದು ಮತ್ತೆ ಹರಿಯುವುದು ಜಾಸ್ತಿ.

ಎರಡನೇ ಪ್ರಶ್ನೆ ಇದಕ್ಕಿಂತ ಮುಖ್ಯ: ಮೆನಿಸ್ಕಸ್‌ಗೆ ಏನು ಮಾಡಿದಿರಿ? ಮೆನಿಸ್ಕಸ್ ಅಂದರೆ ಮಂಡಿಯೊಳಗಿನ ಮೆತ್ತನೆ ಗಾದಿ. ಎಸಿಎಲ್ ಜೊತೆ ಅದೂ ಹರಿದಿರುವುದು ಮಾಮೂಲಿ. ಹರಿದ ಚೂರನ್ನು ಕತ್ತರಿಸಿ ತೆಗೆದಿದ್ದರೆ ಕೆಳಗೆ ಹೇಳಿದ್ದರಲ್ಲಿ ಹೆಚ್ಚೇನೂ ಬದಲಾಗುವುದಿಲ್ಲ. ಹೊಲಿದಿದ್ದರೆ ಮಾತ್ರ ಮೊದಲ ನಾಲ್ಕರಿಂದ ಆರು ವಾರ ಕಾಲಿನ ಮೇಲೆ ಎಷ್ಟು ಭಾರ ಬಿಡಬೇಕು, ಎಷ್ಟು ಮಡಚಬೇಕು ಅನ್ನುವುದಕ್ಕೆ ಮಿತಿ ಇರುತ್ತದೆ. ಹೆಚ್ಚಾಗಿ 90 ಡಿಗ್ರಿ ದಾಟಬೇಡಿ ಅನ್ನುತ್ತಾರೆ. ಪಕ್ಕದ ಬೆಡ್‌ನವರು ಎರಡನೇ ವಾರಕ್ಕೇ ಊರುಗೋಲು ಬಿಟ್ಟು ನಡೆದರು ಅಂತ ನೀವೂ ಹಾಗೆ ಮಾಡಲು ಹೋಗಬೇಡಿ. ಅವರಿಗೆ ಹೊಲಿಗೆ ಹಾಕಿರಲಿಕ್ಕಿಲ್ಲ.

## ಆಪರೇಷನ್‌ಗೂ ಮುಂಚಿನ ವಾರಗಳು

ಆಪರೇಷನ್ ಇನ್ನೂ ಆಗಿಲ್ಲದಿದ್ದರೆ ನಿಮ್ಮದು ಅದೃಷ್ಟ. ಊದಿದ, ಬಿಗಿದ, ಪೂರ್ತಿ ನೇರವಾಗದ ಮಂಡಿಗೆ ಆಪರೇಷನ್ ಮಾಡಿದರೆ ಆಮೇಲೆ ಅದು ಕಟ್ಟಿಗೆಯಂತೆ ಬಿಗಿದುಕೊಳ್ಳುವ ಅಪಾಯ ಜಾಸ್ತಿ. ಅದಕ್ಕೇ ತುರ್ತು ಕಾರಣ ಇಲ್ಲದಿದ್ದರೆ ಕೆಲವು ವಾರ ಕಾಯಿಸುತ್ತಾರೆ. ಈ ಕಾಯುವ ಸಮಯ ಬಿಡುವಲ್ಲ. ಊತ ಇಳಿಸಿ, ಕಾಲು ಪೂರ್ತಿ ನೇರ ಮಾಡಿಕೊಳ್ಳಿ, ಕುಂಟದೆ ನಡೆಯುವುದನ್ನು ಅಭ್ಯಾಸ ಮಾಡಿ, ತೊಡೆಯ ಮುಂಭಾಗದ ಸ್ನಾಯುವಿಗೆ ಎಷ್ಟು ಸಾಧ್ಯವೋ ಅಷ್ಟು ಬಲ ತುಂಬಿ. ಒಳಗೆ ಹೋಗುವಾಗ ಬಲ ಇದ್ದವರಿಗೆ ಹೊರಗೆ ಬಂದ ಮೇಲೂ ಬಲ ಬೇಗ ಬರುತ್ತದೆ.

ಇದೇ ಸಮಯದಲ್ಲಿ ಒಂದು ಕೆಲಸ ತಪ್ಪದೆ ಮಾಡಿಸಿ: ಒಳ್ಳೆ ಕಾಲಿನ ಬಲವನ್ನು ಅಳೆಸಿ ಬರೆದಿಟ್ಟುಕೊಳ್ಳಿ. ಯಾಕೆ ಅಂತ ಕೊನೆಯಲ್ಲಿ ಹೇಳುತ್ತೇನೆ.

ಮನೆಯನ್ನೂ ಸ್ವಲ್ಪ ತಯಾರು ಮಾಡಿ. ಕಾಲಿಗೆ ತೊಡರುವ ಚಾಪೆ, ವೈರು ತೆಗೆದುಬಿಡಿ. ಬಚ್ಚಲಲ್ಲಿ ಕೂತು ಸ್ನಾನ ಮಾಡಲು ಗಟ್ಟಿ ಕುರ್ಚಿ ಇಡಿ. ನೆಲದ ಮಟ್ಟದ ಕಕ್ಕಸು ಇದ್ದರೆ ಬೇರೆ ವ್ಯವಸ್ಥೆ ಬೇಕೇ ಬೇಕು, ಕುಕ್ಕರುಗಾಲಲ್ಲಿ ಕೂರುವುದು ತಿಂಗಳುಗಟ್ಟಲೆ ಆಗುವುದಿಲ್ಲ. ಊರುಗೋಲು ಹಿಡಿದು ನಡೆಯುವುದನ್ನು ನೋವಿಲ್ಲದಾಗಲೇ ಕಲಿತುಬಿಡಿ.

## ಮೊದಲ ಎರಡು ವಾರ: ಮೂರೇ ಕೆಲಸ

ಈ ಎರಡು ವಾರದಲ್ಲಿ ನಿಮಗೆ ಇರುವುದು ಮೂರೇ ಕೆಲಸ. ಊತ ಇಳಿಸುವುದು, ಕಾಲನ್ನು ಪೂರ್ತಿ ನೇರ ಮಾಡುವುದು, ತೊಡೆ ಸ್ನಾಯುವನ್ನು ಎಬ್ಬಿಸುವುದು. ಮಿಕ್ಕಿದ್ದೆಲ್ಲ ಆಮೇಲೆ.

ಊತದಿಂದ ಶುರು ಮಾಡೋಣ. ಕಾಲನ್ನು ಎದೆಯ ಮಟ್ಟಕ್ಕಿಂತ ಎತ್ತರದಲ್ಲಿ ಇಟ್ಟು ಮಲಗಿ. ಕುರ್ಚಿಯಲ್ಲಿ ಕೂತು ಮುಂದೆ ಸ್ಟೂಲ್ ಇಟ್ಟುಕೊಂಡರೆ ಅದು ಎತ್ತರ ಅಲ್ಲ. ಐಸನ್ನು ಬಟ್ಟೆಯಲ್ಲಿ ಸುತ್ತಿ 15ರಿಂದ 20 ನಿಮಿಷ ಇಡಿ, ದಿನಕ್ಕೆ ನಾಲ್ಕೈದು ಸಲ. ಬರಿ ಚರ್ಮದ ಮೇಲೆ ಇಡಬೇಡಿ, ನರಕ್ಕೆ ಮದ್ದು ಕೊಟ್ಟು ಕಾಲು ಜೋಮು ಹಿಡಿದಿರುವಾಗಂತೂ ಬೇಡವೇ ಬೇಡ, ಚರ್ಮ ಸುಟ್ಟರೂ ಗೊತ್ತಾಗುವುದಿಲ್ಲ. ಊತದ ಬಗ್ಗೆ ಇಷ್ಟು ತಲೆ ಕೆಡಿಸಿಕೊಳ್ಳಲು ಕಾರಣ ಇದೆ. ಮಂಡಿಯೊಳಗೆ ನೀರು ತುಂಬಿದರೆ ನರಮಂಡಲ ತೊಡೆಯ ಮುಂಭಾಗದ ಕ್ವಾಡ್ರಿಸೆಪ್ಸ್ ಸ್ನಾಯುವಿಗೆ ಆಜ್ಞೆ ಕಳಿಸುವುದನ್ನೇ ಕಡಿಮೆ ಮಾಡುತ್ತದೆ. 'ಕಾಲೆತ್ತು' ಅಂತ ನೀವು ಮನಸ್ಸಲ್ಲಿ ಎಷ್ಟು ಹೇಳಿದರೂ ತೊಡೆ ಮಿಸುಕುವುದಿಲ್ಲ. ನಿಮ್ಮ ಸೋಮಾರಿತನ ಅಲ್ಲ ಅದು, ಊತ ಮಾಡುವ ಕೆಲಸ.

ಎರಡನೆಯದು ನೇರ ಮಾಡುವುದು. ಎಲ್ಲರೂ ಮಂಡಿ ಎಷ್ಟು ಮಡಚುತ್ತೆ ಅಂತ ಚಿಂತೆ ಮಾಡುತ್ತಾರೆ, ನಾನು ಮೊದಲು ಕೇಳುವುದು ಎಷ್ಟು ನೇರ ಆಗುತ್ತೆ ಅಂತ. ಮಡಚುವುದು ನಿಧಾನಕ್ಕೆ ಬಂದೇ ಬರುತ್ತದೆ. ನೇರ ಆಗುವುದು ಮೊದಲ ಕೆಲವು ವಾರಗಳಲ್ಲಿ ಬರದಿದ್ದರೆ ಆಮೇಲೆ ಬರಿಸುವುದು ತುಂಬಾ ಕಷ್ಟ. ಕೆಲವರಲ್ಲಿ ಗ್ರಾಫ್ಟ್ ಮುಂದೆ ಗಾಯದ ಗಂಟು ಬೆಳೆದು ಮಂಡಿ ಕೊನೆಯ ಒಂದಷ್ಟು ಡಿಗ್ರಿ ಚಾಚದಂತೆ ತಡೆಯುತ್ತದೆ, ಅದನ್ನು ತೆಗೆಯಲು ಮತ್ತೆ ಆಪರೇಷನ್ ಬೇಕಾಗಬಹುದು. ನಾಲ್ಕೈದು ಡಿಗ್ರಿ ಬಾಗಿಯೇ ಉಳಿದ ಕಾಲಿನಲ್ಲಿ ನಡೆದರೆ ಜೀವನಪರ್ಯಂತ ಕುಂಟು, ಮಂಡಿಚಿಪ್ಪಿನ ಹಿಂದೆ ನೋವು.

ಮಾಡುವುದು ಹೀಗೆ. ಬೆನ್ನ ಮೇಲೆ ಮಲಗಿ ಅಥವಾ ಗೋಡೆಗೆ ಒರಗಿ ಕಾಲು ಚಾಚಿ ಕೂತು, ಹಿಮ್ಮಡಿಯ ಕೆಳಗೆ ಸುರುಳಿ ಸುತ್ತಿದ ಟವೆಲ್ ಇಡಿ. ಮಂಡಿಯ ಕೆಳಗೆ ಏನೂ ಇರಬಾರದು, ಅದು ತಾನಾಗಿ ಕೆಳಗೆ ಇಳಿಯಬೇಕು. ಹತ್ತು ನಿಮಿಷ, ದಿನಕ್ಕೆ ನಾಲ್ಕೈದು ಸಲ. ಹಿಂದುಗಡೆ ಎಳೆದ ಹಾಗೆ ಆಗುತ್ತದೆ, ಅದು ಸರಿಯೇ. ಹಾಯಾಗಿರುತ್ತೆ ಅಂತ ಮಂಡಿಯ ಕೆಳಗೆ ದಿಂಬು ಇಟ್ಟು ಮಲಗುವುದನ್ನು ಮಾತ್ರ ಯಾವ ಕಾರಣಕ್ಕೂ ಮಾಡಬೇಡಿ. ಮನೆಯವರು ಪ್ರೀತಿಯಿಂದ ದಿಂಬು ತಂದು ಇಡುತ್ತಾರೆ, ಬೇಡ ಅನ್ನಿ.

ಮೂರನೆಯದು ತೊಡೆ ಸ್ನಾಯು. ಕಾಲು ಚಾಚಿಕೊಂಡು, ಮಂಡಿಯ ಹಿಂಭಾಗವನ್ನು ಹಾಸಿಗೆಗೆ ಒತ್ತುವಂತೆ ತೊಡೆ ಬಿಗಿಹಿಡಿದು ಐದಾರು ಸೆಕೆಂಡ್ ನಿಲ್ಲಿಸಿ, ಬಿಡಿ. ಮಂಡಿಚಿಪ್ಪು ಸೊಂಟದ ಕಡೆಗೆ ಜರುಗುವುದು ಕಣ್ಣಿಗೆ ಕಾಣಬೇಕು. ಕಾಣದಿದ್ದರೆ ಒಳ್ಳೆ ಕಾಲಿನಲ್ಲಿ ಮೊದಲು ಮಾಡಿ ನೋಡಿ, ಆಮೇಲೆ ಎರಡನ್ನೂ ಒಟ್ಟಿಗೆ ಬಿಗಿಹಿಡಿಯಿರಿ. ಎಚ್ಚರ ಇರುವಾಗೆಲ್ಲ ಗಂಟೆಗೊಮ್ಮೆ ಹತ್ತು ಹದಿನೈದು ಸಲ ಮಾಡಿದರೂ ತಪ್ಪಿಲ್ಲ. ಫಿಸಿಯೋ ಹತ್ತಿರ ಸ್ನಾಯುವಿಗೆ ಕರೆಂಟ್ ಕೊಡುವ ಯಂತ್ರ ಇದ್ದರೆ ಕೇಳಿ, ಈ ಹಂತದಲ್ಲಿ ಅದರಿಂದ ನಿಜಕ್ಕೂ ಉಪಯೋಗ ಇದೆ. ಆಮೇಲೆ ಕಾಲನ್ನು ನೇರವಾಗಿಯೇ ಹಾಸಿಗೆಯಿಂದ ಎತ್ತುವುದು. ಎತ್ತುವಾಗ ಮಂಡಿ ಕೊಂಚ ಬಾಗಿದರೂ ಆ ಸಲವನ್ನು ಎಣಿಸಬೇಡಿ. ಬಾಗದೆ ಹತ್ತು ಸಲ ಎತ್ತಲು ಬಂದರೆ ದೊಡ್ಡ ಬಾಗಿಲೊಂದು ತೆರೆದ ಹಾಗೆ.

ಇವುಗಳ ಜೊತೆ ಪಾದವನ್ನು ಮೇಲೆ ಕೆಳಗೆ ಆಡಿಸುತ್ತಿರಿ, ಹಿಮ್ಮಡಿಯನ್ನು ಹಾಸಿಗೆ ಮೇಲೆ ಜಾರಿಸುತ್ತಾ ಮಂಡಿಯನ್ನು ಮೆಲ್ಲಗೆ ಮಡಚಿ. ಮಿತಿ ಹೇಳಿಲ್ಲದಿದ್ದರೆ ಎರಡು ವಾರಕ್ಕೆ 90 ಡಿಗ್ರಿ ಹತ್ತಿರ ಬಂದರೆ ಸಾಕು.

ನೋವಿನ ಮಾತ್ರೆ ಬಗ್ಗೆ ಒಂದೇ ಮಾತು: ನೋವು ತಡೆಯಲಾರದಷ್ಟು ಆದ ಮೇಲೆ ನುಂಗುವುದಕ್ಕಿಂತ, ಮೊದಲ ಕೆಲವು ದಿನ ಹೇಳಿದ ಹೊತ್ತಿಗೆ ಸರಿಯಾಗಿ ತೆಗೆದುಕೊಳ್ಳುವುದು ಒಳ್ಳೆಯದು. 'ನನಗೆ ಮಾತ್ರೆ ಬೇಡ, ತಡ್ಕೋತೀನಿ' ಅನ್ನುವ ಶೂರರು ವ್ಯಾಯಾಮ ಮಾಡಲಾರದೆ ಹಿಂದೆ ಬೀಳುತ್ತಾರೆ.

ಊರುಗೋಲಿನಲ್ಲಿ ಮೆಟ್ಟಿಲು: ಹತ್ತುವಾಗ ಒಳ್ಳೆ ಕಾಲು ಮೊದಲು, ಇಳಿಯುವಾಗ ಊರುಗೋಲು ಮತ್ತು ಆಪರೇಷನ್ ಆದ ಕಾಲು ಮೊದಲು. ಒಂದೇ ಊರುಗೋಲಿಗೆ ಇಳಿದಾಗ ಅದನ್ನು ಒಳ್ಳೆ ಕಾಲಿನ ಕಡೆಯ ಕೈಯಲ್ಲಿ ಹಿಡಿಯಿರಿ. ತುಂಬಾ ಜನ ಇದನ್ನು ಉಲ್ಟಾ ಹಿಡಿಯುತ್ತಾರೆ. ಹೊಲಿಗೆ ಬಿಚ್ಚುವ ತನಕ, ಅಂದರೆ ಸುಮಾರು 10ರಿಂದ 14 ದಿನ, ಗಾಯ ಒದ್ದೆ ಮಾಡಬೇಡಿ.

ಕೆಳಗಿನವು ಕಂಡರೆ ನಾಳೆ ನೋಡೋಣ ಅನ್ನಬೇಡಿ, ಆಗಲೇ ಆಸ್ಪತ್ರೆಗೆ ಫೋನ್ ಮಾಡಿ:

- ಮೀನಖಂಡ ನೋಯುವುದು, ಮುಟ್ಟಿದರೆ ಬಿಸಿ, ಒಂದೇ ಕಾಲು ಕೆಳಗೆಲ್ಲ ಊದುವುದು. ರಕ್ತ ಹೆಪ್ಪುಗಟ್ಟಿರಬಹುದು.
- 38 ಡಿಗ್ರಿ ದಾಟಿದ ಜ್ವರ, ಗಾಯದಿಂದ ಕೀವು, ದಿನದಿಂದ ದಿನಕ್ಕೆ ಜಾಸ್ತಿಯಾಗುವ ಕೆಂಪು ಮತ್ತು ನೋವು.
- ಪಾದ ಎತ್ತಲು ಆಗದಿರುವುದು, ಬೆರಳು ತಣ್ಣಗಾಗಿ ಬಿಳಚಿಕೊಳ್ಳುವುದು.

ದಿಢೀರನೆ ಉಸಿರು ಕಟ್ಟಿದರೆ ಅಥವಾ ಎದೆ ನೋವು ಬಂದರೆ ಫೋನ್ ಮಾಡುತ್ತಾ ಕೂರಬೇಡಿ, ಸೀದಾ ಎಮರ್ಜೆನ್ಸಿಗೆ ಹೋಗಿ. ಹೆಪ್ಪು ಶ್ವಾಸಕೋಶಕ್ಕೆ ಹೋಗಿರಬಹುದು.

ಗಾಯದ ಪಕ್ಕ, ಮಂಡಿಯ ಹೊರಭಾಗದಲ್ಲಿ ಅಂಗೈಯಷ್ಟು ಜಾಗ ಜೋಮು ಹಿಡಿದಂತೆ ಇದ್ದರೆ ಹೆದರಬೇಡಿ. ಅಲ್ಲಿ ಹಾದುಹೋಗುವ ಚರ್ಮದ ಸಣ್ಣ ನರಕ್ಕೆ ಆಪರೇಷನ್‌ನಲ್ಲಿ ಪೆಟ್ಟಾಗಿರುತ್ತದೆ. ತಿಂಗಳುಗಳಲ್ಲಿ ಕಡಿಮೆಯಾಗುತ್ತದೆ, ಕೆಲವರಿಗೆ ಒಂದು ಚಿಕ್ಕ ಜಾಗ ಹಾಗೇ ಉಳಿಯುತ್ತದೆ. ಕಾಲಿನ ಬಲಕ್ಕೂ ಅದಕ್ಕೂ ಸಂಬಂಧ ಇಲ್ಲ.

## ಎರಡರಿಂದ ಆರು ವಾರ: ಕುಂಟದೆ ನಡೆಯುವುದು

ಊರುಗೋಲು ಬಿಡಲು ಅವಸರ ಬೇಡ. ಕುಂಟುತ್ತಾ ಊರುಗೋಲಿಲ್ಲದೆ ನಡೆಯುವುದಕ್ಕಿಂತ ಊರುಗೋಲು ಹಿಡಿದು ಸರಿಯಾಗಿ ನಡೆಯುವುದು ಎಷ್ಟೋ ಮೇಲು. ಕುಂಟುವುದು ಬಹಳ ಬೇಗ ಅಭ್ಯಾಸವಾಗಿಬಿಡುತ್ತದೆ, ನೋವು ಹೋದ ಮೇಲೂ ಹೋಗುವುದಿಲ್ಲ. ಬಿಡಬಹುದು ಅನ್ನುವುದಕ್ಕೆ ಗುರುತುಗಳು ಇವು: ಕಾಲು ಪೂರ್ತಿ ನೇರವಾಗುತ್ತದೆ, ಬಾಗದೆ ಎತ್ತಲು ಬರುತ್ತದೆ, ಹಿಮ್ಮಡಿ ಮೊದಲು ಊರಿ ಬೆರಳಿನಿಂದ ತಳ್ಳಿ ನಡೆಯಲು ಬರುತ್ತದೆ. ಕನ್ನಡಿ ಮುಂದೆ ನಡೆಯಿರಿ, ಇಲ್ಲವೇ ಯಾರಾದರೂ ವಿಡಿಯೋ ಮಾಡಲಿ. ನಿಮಗೆ ಸರಿ ಅನ್ನಿಸಿದ ನಡಿಗೆ ವಿಡಿಯೋದಲ್ಲಿ ಬೇರೆಯೇ ಕಾಣುತ್ತದೆ.

ನೇರ ಆಗುವುದನ್ನು ಮನೆಯಲ್ಲೇ ಅಳೆಯಬಹುದು. ಮಂಚದ ಮೇಲೆ ಬೋರಲು ಮಲಗಿ, ಮಂಡಿಯಿಂದ ಕೆಳಗಿನ ಭಾಗ ಅಂಚಿನಿಂದ ಹೊರಗೆ ಇರಲಿ. ಎರಡು ಹಿಮ್ಮಡಿಗಳ ಎತ್ತರದಲ್ಲಿ ಎಷ್ಟು ಸೆಂಟಿಮೀಟರ್ ವ್ಯತ್ಯಾಸ ಇದೆ ಅಂತ ಯಾರಿಗಾದರೂ ನೋಡಲು ಹೇಳಿ. ಒಂದು ಸೆಂಟಿಮೀಟರ್ ಅಂದರೆ ಸುಮಾರು ಒಂದು ಡಿಗ್ರಿ. ಆರನೇ ವಾರಕ್ಕೂ ವ್ಯತ್ಯಾಸ ಹಾಗೇ ಉಳಿದಿದ್ದರೆ ಸರ್ಜನ್‌ಗೆ ತಿಳಿಸಿ, ಮುಂದಿನ ಭೇಟಿ ಬರಲಿ ಅಂತ ಕಾಯಬೇಡಿ.

ಮಂಡಿ 110 ಡಿಗ್ರಿ ಹತ್ತಿರ ಮಡಚುವಂತಾದರೆ ಸೀಟು ಎತ್ತರಿಸಿಕೊಂಡು ವ್ಯಾಯಾಮದ ಸೈಕಲ್ ತುಳಿಯಬಹುದು. ಮೊದಲು ಪೆಡಲನ್ನು ಪೂರ್ತಿ ಸುತ್ತಿಸದೆ ಹಿಂದೆ ಮುಂದೆ ಆಡಿಸಿ, ಒಂದು ದಿನ ತಾನಾಗಿ ಸುತ್ತು ಹಾಕುತ್ತದೆ. ಕುರ್ಚಿಯಿಂದ ಎದ್ದು ಕೂರುವುದು, ಗೋಡೆಗೆ ಒರಗಿ ಅರ್ಧ ಕೂರುವುದು, ಹಿಮ್ಮಡಿ ಎತ್ತಿ ನಿಲ್ಲುವುದು, ಸೊಂಟ ಎತ್ತುವುದು, ಒಂಟಿ ಕಾಲಲ್ಲಿ ನಿಂತು ಸಮತೋಲನ ಕಾಯ್ದುಕೊಳ್ಳುವುದು ಇವೆಲ್ಲ ಈಗ ಒಂದೊಂದಾಗಿ ಸೇರುತ್ತವೆ. ಎದ್ದು ಕೂರುವಾಗ ನಿಮಗೆ ಗೊತ್ತಿಲ್ಲದೆ ಒಳ್ಳೆ ಕಾಲಿಗೇ ಭಾರ ಹಾಕುತ್ತೀರಿ. ಎರಡು ಪಾದದ ಕೆಳಗೂ ಒಂದೊಂದು ತೂಕದ ಯಂತ್ರ ಇಟ್ಟು ನೋಡಿದರೆ ಸತ್ಯ ಹೊರಬೀಳುತ್ತದೆ.

ಎಷ್ಟು ಮಾಡಬೇಕು ಅನ್ನುವುದಕ್ಕೆ ಒಂದು ಸರಳ ನಿಯಮ ಇದೆ, ಮುಂದಿನ ಎಲ್ಲ ತಿಂಗಳಿಗೂ ಇದೇ ಸಾಕು. ವ್ಯಾಯಾಮದ ಹೊತ್ತಿಗೆ ಹತ್ತರಲ್ಲಿ ಎರಡು ಮೂರರಷ್ಟು ನೋವು ಪರವಾಗಿಲ್ಲ. ಮಾರನೇ ಬೆಳಗ್ಗೆ ಮಂಡಿ ನೋಡಿ. ಊತ ಜಾಸ್ತಿಯಾಗಿಲ್ಲ, ನೋವು ಮೊದಲಿನ ಮಟ್ಟಕ್ಕೆ ಇಳಿದಿದೆ ಅಂದರೆ ನಿನ್ನೆ ಮಾಡಿದ್ದು ಸರಿ. ಊದಿದ್ದರೆ ಜಾಸ್ತಿಯಾಯಿತು, ಎರಡು ದಿನ ಇಳಿಸಿ. ಮಂಡಿಚಿಪ್ಪಿನ ನಡುಮಧ್ಯಕ್ಕೆ ಟೇಪ್ ಸುತ್ತಿ ದಿನಾ ಒಂದೇ ಹೊತ್ತಿಗೆ ಅಳೆದು ಬರೆದಿಟ್ಟರೆ ಇನ್ನೂ ಒಳ್ಳೆಯದು.

ಗಾಡಿ ಓಡಿಸುವುದು ಯಾವಾಗ? ಬ್ರೇಕ್ ಒತ್ತುವ ಬಲಗಾಲಿಗೆ ಆಪರೇಷನ್ ಆಗಿದ್ದರೆ ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ. ಮಂಪರು ಬರಿಸುವ ನೋವಿನ ಮಾತ್ರೆ ನುಂಗುತ್ತಿರುವ ತನಕ ಯಾವ ಕಾಲಾದರೂ ಬೇಡ. ಕೂತು ಮಾಡುವ ಕೆಲಸಕ್ಕೆ ಒಂದೆರಡು ವಾರದಲ್ಲಿ ಹೋಗಬಹುದು, ಮೈಮುರಿಯುವ ಕೆಲಸಕ್ಕೆ ತಿಂಗಳುಗಳೇ ಬೇಕು.

## ಆರನೇ ವಾರದಿಂದ ಮೂರನೇ ತಿಂಗಳು: ಮೋಸ ಹೋಗುವ ಕಾಲ

ನನ್ನ ಲೆಕ್ಕದಲ್ಲಿ ಇಡೀ ವರ್ಷದಲ್ಲಿ ಅತಿ ಅಪಾಯದ ಸಮಯ ಇದು. ನೋವು ಹೋಗಿದೆ. ಊತ ಇಲ್ಲ. ಮೆಟ್ಟಿಲು ಹತ್ತುತ್ತೀರಿ, ಮಾರುಕಟ್ಟೆಗೆ ಹೋಗಿ ಬರುತ್ತೀರಿ, ಪ್ಯಾಂಟ್ ಹಾಕಿಕೊಂಡರೆ ಆಪರೇಷನ್ ಆದವರು ಅಂತ ಯಾರಿಗೂ ತಿಳಿಯುವುದಿಲ್ಲ. ಒಳಗಿನ ಕಥೆ ಮಾತ್ರ ಬೇರೆ.

ಗ್ರಾಫ್ಟ್ ಕೂರಿಸಿದ ಕ್ಷಣದಲ್ಲಿ ಗಟ್ಟಿಯಾಗಿಯೇ ಇರುತ್ತದೆ. ಆದರೆ ಅದಕ್ಕೆ ರಕ್ತದ ಸಂಪರ್ಕ ಇರುವುದಿಲ್ಲ, ಅದರೊಳಗಿನ ಹಳೆ ಜೀವಕೋಶಗಳು ಸಾಯುತ್ತವೆ. ಬಳ್ಳಿ ಹಬ್ಬಲಿ ಅಂತ ನೆಟ್ಟ ಕೋಲಿನ ಹಾಗೆ ಅದು ನಿಂತಿರುತ್ತದೆ, ಅದರ ಮೇಲೆ ಮೈ ಹೊಸ ರಕ್ತನಾಳ, ಹೊಸ ಜೀವಕೋಶ ಬೆಳೆಸುತ್ತಾ ನಿಧಾನಕ್ಕೆ ಲಿಗಮೆಂಟ್ ಮಾಡಿಕೊಳ್ಳುತ್ತದೆ. ಈ ಬದಲಾವಣೆಯ ನಡುವೆ, ಸುಮಾರು ಆರರಿಂದ ಹನ್ನೆರಡನೇ ವಾರದಲ್ಲಿ, ಗ್ರಾಫ್ಟ್ ಅತ್ಯಂತ ದುರ್ಬಲವಾಗಿರುತ್ತದೆ. ಪೂರ್ತಿ ಬಲಿಯಲು ಒಂದರಿಂದ ಎರಡು ವರ್ಷ. ಅಂದರೆ ಮಂಡಿ 'ನಾನು ಸರಿಯಾದೆ' ಅಂತ ಹೇಳುವ ಹೊತ್ತಿಗೆ ಸರಿಯಾಗಿ ಗ್ರಾಫ್ಟ್ ಸೋತು ನಿಂತಿರುತ್ತದೆ. ಬಸ್ ಹಿಡಿಯಲು ಓಡುವುದು, ಮಕ್ಕಳ ಜೊತೆ ಚೆಂಡು ಒದೆಯುವುದು, ಜಾರುವ ನೆಲದಲ್ಲಿ ಚಪ್ಪಲಿ ಹಾಕಿ ಓಡಾಡುವುದು ಇವೇ ಈಗ ಶತ್ರುಗಳು. ಜಿಮ್‌ನಲ್ಲಿ ಭಾರ ಎತ್ತುವುದು ಅಲ್ಲ.

ಹೌದು, ಭಾರ ಎತ್ತಬೇಕು. ಇಲ್ಲಿ ತುಂಬಾ ಜನ ಹಗುರ ರಬ್ಬರ್ ಬ್ಯಾಂಡ್ ಹಿಡಿದು ತಿಂಗಳುಗಟ್ಟಲೆ ಅದೇ ಅದೇ ಮಾಡುತ್ತಾ ಕೂರುತ್ತಾರೆ. ಸ್ನಾಯು ಬೆಳೆಯಬೇಕಾದರೆ ಅದಕ್ಕೆ ಕಷ್ಟ ಕೊಡಬೇಕು. ಲೆಗ್ ಪ್ರೆಸ್ (ಯಂತ್ರದಲ್ಲಿ ಕೂತು ಕಾಲಿನಿಂದ ಭಾರ ತಳ್ಳುವುದು), ಸ್ಕ್ವಾಟ್ (ನಿಂತಲ್ಲೇ ಮಂಡಿ ಬಾಗಿಸಿ ಕೂತು ಏಳುವುದು), ಮೆಟ್ಟಿಲು ಹತ್ತಿ ಇಳಿಯುವುದು, ಒಂಟಿ ಕಾಲಿನ ವ್ಯಾಯಾಮಗಳು, ವಾರಕ್ಕೆ ಎರಡು ಮೂರು ದಿನ, ಒಂದೊಂದು ಸುತ್ತಿನ ಕೊನೆಗೆ 'ಇನ್ನು ಒಂದೆರಡು ಸಲ ಆಗಬಹುದು ಅಷ್ಟೇ' ಅನ್ನಿಸುವಷ್ಟು ಭಾರ. ಕೂತು ಕಾಲು ಚಾಚುವ ಯಂತ್ರದ ಬಗ್ಗೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಮಂಡಿ 90ರಿಂದ 45 ಡಿಗ್ರಿ ನಡುವೆ ಮಾತ್ರ ಆಡುವಂತೆ ಇಟ್ಟುಕೊಂಡರೆ ಗ್ರಾಫ್ಟ್ ಮೇಲೆ ಎಳೆತ ಕಡಿಮೆ, ಫಿಸಿಯೋ ಒಪ್ಪಿಗೆ ಕೊಟ್ಟ ಮೇಲೆ ಆ ಮಿತಿಯಲ್ಲಿ ಶುರು ಮಾಡಬಹುದು. ಬರೀ ಸ್ಕ್ವಾಟ್ ಮಾಡಿದರೆ ಸೊಂಟ, ಹಿಂಭಾಗದ ಸ್ನಾಯುಗಳು ಕೆಲಸ ಮಾಡಿ ತೊಡೆಯ ಮುಂಭಾಗ ತಪ್ಪಿಸಿಕೊಳ್ಳುತ್ತದೆ, ಅದಕ್ಕೇ ಈ ಯಂತ್ರ ಬೇಕಾಗುವುದು.

ಊಟದಲ್ಲಿ ಪ್ರೋಟೀನ್ ಕಡಿಮೆ ಇದ್ದರೆ ಈ ಶ್ರಮವೆಲ್ಲ ಅರ್ಧ ವ್ಯರ್ಥ. ಮೈತೂಕದ ಪ್ರತಿ ಕಿಲೋಗೆ ದಿನಕ್ಕೆ 1.6 ಗ್ರಾಂ ಹತ್ತಿರ ಇರಲಿ. ಕಿಡ್ನಿ ತೊಂದರೆ ಇರುವವರು ಮಾತ್ರ ಡಾಕ್ಟರನ್ನು ಕೇಳಿ. ಸಿಗರೇಟು ಗ್ರಾಫ್ಟ್‌ಗೆ ರಕ್ತ ಹೋಗುವುದಕ್ಕೇ ಅಡ್ಡ. ಬಿಡಲು ಇದಕ್ಕಿಂತ ಒಳ್ಳೆ ನೆಪ ಸಿಗಲಿಕ್ಕಿಲ್ಲ.

## ಮೂರರಿಂದ ಆರು ತಿಂಗಳು: ಓಟ

ಮೂರು ತಿಂಗಳಾಯಿತು, ಓಡಬಹುದಾ? ಊತ ಇಲ್ಲದಿರಬೇಕು. ಕಾಲು ಪೂರ್ತಿ ನೇರವಾಗಬೇಕು, ಮಡಚುವುದು ಇನ್ನೊಂದು ಕಾಲಿನ ಹತ್ತಿರ ಹತ್ತಿರ ಬಂದಿರಬೇಕು. ತೊಡೆಯ ಬಲ ಒಳ್ಳೆ ಕಾಲಿನ 70 ಪ್ರತಿಶತವಾದರೂ ಇರಬೇಕು. ಒಂಟಿ ಕಾಲಲ್ಲಿ ಮೆಲ್ಲಗೆ ಕೂತು ಏಳುವಾಗ ಮಂಡಿ ಒಳಗಡೆಗೆ ಬಾಗಬಾರದು. ಇವು ನಾಲ್ಕೂ ಇದ್ದರೆ ಶುರು ಮಾಡಿ, ಹೆಚ್ಚಿನವರಿಗೆ ಇದು ಮೂರೂವರೆ ನಾಲ್ಕು ತಿಂಗಳ ಹೊತ್ತಿಗೆ ಬರುತ್ತದೆ.

ಶುರು ಅಂದರೆ ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ, ಹೀಗೆ ಇಪ್ಪತ್ತು ನಿಮಿಷ, ಸಮತಟ್ಟಾದ ನೆಲದಲ್ಲಿ, ನೇರ ದಾರಿಯಲ್ಲಿ. ದಿನ ಬಿಟ್ಟು ದಿನ. ಮಾರನೇ ಬೆಳಗ್ಗೆಯ ಪರೀಕ್ಷೆ ಮರೆಯಬೇಡಿ. ವೇಗ ಮತ್ತು ದೂರ ಎರಡನ್ನೂ ಒಂದೇ ವಾರ ಏರಿಸಬೇಡಿ. ಓಟ ಬಂತು ಅಂತ ಜಿಮ್ ಬಿಡುವವರೇ ಜಾಸ್ತಿ, ಬಿಡಲೇಬೇಡಿ. ಈ ಹಂತದಲ್ಲಿ ಓಟಕ್ಕಿಂತ ಭಾರ ಎತ್ತುವುದೇ ಮುಖ್ಯ.

ಈಜಬಹುದು, ಆದರೆ ಕಪ್ಪೆಯಂತೆ ಕಾಲು ಒದೆಯುವ ಈಜು ಇನ್ನೂ ಬೇಡ, ಅದು ಮಂಡಿಯನ್ನು ತಿರುಚುತ್ತದೆ.

## ಆರನೇ ತಿಂಗಳಿನಿಂದ: ನೆಗೆಯುವುದು, ತಿರುಗುವುದು

ನೆಗೆಯುವುದನ್ನು ಕಲಿಯುವ ಮೊದಲು ಇಳಿಯುವುದನ್ನು ಕಲಿಯಿರಿ. ಎಸಿಎಲ್ ಹರಿಯುವುದು ಹೆಚ್ಚಾಗಿ ಯಾರೂ ಮುಟ್ಟದೆ, ನೆಗೆದು ನೆಲಕ್ಕೆ ಬರುವಾಗ, ಓಡುತ್ತಾ ತಟ್ಟನೆ ನಿಲ್ಲುವಾಗ ಅಥವಾ ದಿಕ್ಕು ಬದಲಿಸುವಾಗ. ಅದಕ್ಕೇ ಚಿಕ್ಕ ಪೆಟ್ಟಿಗೆಯಿಂದ ಎರಡೂ ಕಾಲಲ್ಲಿ ಇಳಿದು ಸದ್ದಿಲ್ಲದೆ, ಮಂಡಿ ಬಾಗಿಸಿ, ಮಂಡಿ ಪಾದದ ನೇರಕ್ಕೆ ಇರುವಂತೆ ನಿಲ್ಲುವುದರಿಂದ ಶುರು. ಧಡ್ ಅಂತ ಸದ್ದು ಬಂದರೆ ಸ್ನಾಯು ಬದಲು ಮೂಳೆ ಪೆಟ್ಟು ತಿನ್ನುತ್ತಿದೆ ಅಂತ ಅರ್ಥ. ಆಮೇಲೆ ಎರಡೂ ಕಾಲಿನ ನೆಗೆತ, ಆಮೇಲೆ ಒಂಟಿ ಕಾಲು, ಮುಂದಕ್ಕೆ, ಪಕ್ಕಕ್ಕೆ, ತಿರುಗುತ್ತಾ. ದಿಕ್ಕು ಬದಲಿಸುವುದನ್ನೂ ಹಾಗೇ: ಮೊದಲು ದೊಡ್ಡ ತಿರುವು ಅರ್ಧ ವೇಗದಲ್ಲಿ, ಆಮೇಲೆ ಚೂಪಾದ ತಿರುವು, ಕೊನೆಗೆ ಎದುರಿನವರ ಚಲನೆ ನೋಡಿ ತಿರುಗುವುದು. ಗೊತ್ತಿರುವ ಕಡೆ ತಿರುಗುವುದಕ್ಕೂ, ಚೆಂಡಿನ ಮೇಲೆ ಕಣ್ಣಿಟ್ಟು ಯಾರೋ ಅಡ್ಡ ಬಂದಾಗ ತಿರುಗುವುದಕ್ಕೂ ಮಂಡಿಗೆ ಆಕಾಶ ಭೂಮಿ ವ್ಯತ್ಯಾಸ.

ತಂಡದ ಜೊತೆ ಅಭ್ಯಾಸ ಈ ಹಂತದ ಕೊನೆಗೆ. ಮೊದಲು ಒಬ್ಬರೇ, ಆಮೇಲೆ ಯಾರೂ ಮೈಗೆ ತಾಗದ ಅಭ್ಯಾಸ, ಆಮೇಲೆ ಪೂರ್ತಿ ಅಭ್ಯಾಸ.

## ಪಂದ್ಯ ಆಡುವ ಮುಂಚಿನ ಪರೀಕ್ಷೆ

ಒಂಬತ್ತು ತಿಂಗಳಿಗೆ ಮುಂಚೆ ತಿರುಗುವ, ನೆಗೆಯುವ ಆಟದ ಪಂದ್ಯ ಬೇಡ. ಇದು ನನ್ನ ಹಠ ಅಲ್ಲ. ನಾರ್ವೆ ಮತ್ತು ಅಮೆರಿಕದ ಸಂಶೋಧಕರು 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂಬತ್ತು ತಿಂಗಳವರೆಗೆ ಆಟಕ್ಕೆ ಮರಳುವುದನ್ನು ಒಂದೊಂದು ತಿಂಗಳು ಮುಂದೂಡಿದಂತೆಲ್ಲ ಮತ್ತೆ ಮಂಡಿಗೆ ಪೆಟ್ಟಾಗುವ ಪ್ರಮಾಣ 51 ಪ್ರತಿಶತದಷ್ಟು ಕಡಿಮೆಯಾಗಿತ್ತು. ಅದೇ ವರ್ಷದ ಇನ್ನೊಂದು ವಿಶ್ಲೇಷಣೆ ಪ್ರಕಾರ, 25 ವರ್ಷದೊಳಗಿನ ಆಟಗಾರರು ಮರಳಿ ಆಟಕ್ಕೆ ಇಳಿದಾಗ ಸುಮಾರು 23 ಪ್ರತಿಶತ ಜನಕ್ಕೆ ಎರಡನೇ ಸಲ ಎಸಿಎಲ್ ಹರಿಯಿತು, ಅದೇ ಕಾಲಿನದೋ ಇನ್ನೊಂದು ಕಾಲಿನದೋ. ಹೆಚ್ಚುಕಡಿಮೆ ನಾಲ್ವರಲ್ಲಿ ಒಬ್ಬರು!

ನ್ಯೂಜಿಲೆಂಡ್ ಕ್ರಿಕೆಟಿಗ ಕೇನ್ ವಿಲಿಯಮ್ಸನ್ 2023ರ ಮಾರ್ಚ್ ಕೊನೆಯಲ್ಲಿ ಬೌಂಡರಿ ಬಳಿ ನೆಗೆದು ಬಿದ್ದು ಎಸಿಎಲ್ ಹರಿದುಕೊಂಡು, ಅಕ್ಟೋಬರ್‌ಗೆ ವಿಶ್ವಕಪ್‌ನಲ್ಲಿ ಬ್ಯಾಟ್ ಹಿಡಿದಿದ್ದರು ಅಂತ ಯಾರಾದರೂ ಹೇಳಬಹುದು. ನಿಜ. ಆದರೆ ಬ್ಯಾಟಿಂಗ್‌ನ ತಿರುವು ಬೇರೆ, ಫುಟ್‌ಬಾಲ್ ಡಿಫೆಂಡರ್‌ನ ತಿರುವು ಬೇರೆ. 2020ರ ಅಕ್ಟೋಬರ್‌ನಲ್ಲಿ ಮಂಡಿಗೆ ಪೆಟ್ಟು ತಿಂದ ಲಿವರ್‌ಪೂಲ್ ತಂಡದ ಡಿಫೆಂಡರ್ ವರ್ಜಿಲ್ ವಾನ್ ಡೈಕ್ ಮತ್ತೆ ಲೀಗ್ ಪಂದ್ಯ ಆಡಿದ್ದು 2021ರ ಆಗಸ್ಟ್‌ನಲ್ಲಿ. ಅವರ ಹಿಂದೆ ದಿನವಿಡೀ ನೋಡಿಕೊಳ್ಳುವ ಪೂರ್ಣಾವಧಿ ಫಿಸಿಯೋಗಳೂ ಇರುತ್ತಾರೆ.

ಒಂಬತ್ತು ತಿಂಗಳು ಆದ ಮೇಲೂ ಇವು ಪಾಸಾಗಬೇಕು. ತೊಡೆಯ ಮುಂಭಾಗ ಮತ್ತು ಹಿಂಭಾಗದ ಬಲವನ್ನು ಯಂತ್ರದಲ್ಲಿ ಅಳೆದರೆ ಇನ್ನೊಂದು ಕಾಲಿನ 90 ಪ್ರತಿಶತ ದಾಟಿರಬೇಕು. ಒಂಟಿ ಕಾಲಿನ ನೆಗೆತ ನಾಲ್ಕು ಬಗೆ: ಒಂದೇ ನೆಗೆತದ ದೂರ, ಸತತ ಮೂರು ನೆಗೆತದ ದೂರ, ಗೆರೆಯನ್ನು ಅಡ್ಡ ದಾಟುತ್ತಾ ಮೂರು ನೆಗೆತ, ಆರು ಮೀಟರ್ ದೂರವನ್ನು ಎಷ್ಟು ಬೇಗ ಕುಪ್ಪಳಿಸುತ್ತೀರಿ ಅನ್ನುವುದು. ಇವುಗಳಲ್ಲೂ 90 ದಾಟಬೇಕು.

ಇಲ್ಲಿ ಎರಡು ಮೋಸಗಳಿವೆ. ಒಂದು, ಇಷ್ಟು ತಿಂಗಳು ಆಡದೆ ನಿಮ್ಮ ಒಳ್ಳೆ ಕಾಲೂ ಬಡವಾಗಿರುತ್ತದೆ, ಬಡ ಕಾಲಿನ 90 ಪ್ರತಿಶತ ಅಂದರೆ ದೊಡ್ಡ ಸಾಧನೆ ಏನಲ್ಲ. ಆಪರೇಷನ್‌ಗೂ ಮುಂಚೆ ಒಳ್ಳೆ ಕಾಲನ್ನು ಅಳೆಸಿಡಿ ಅಂದದ್ದು ಇದಕ್ಕೇ, ಆ ಹಳೆ ಅಂಕಿಯ ಜೊತೆ ಹೋಲಿಸಿ. ಎರಡು, ದೂರ ನೆಗೆಯಲು ಸೊಂಟ ಮತ್ತು ಪಾದದ ಬಲವೇ ಸಾಕಾಗಿಬಿಡುತ್ತದೆ. ಮಂಡಿ ಸೋಮಾರಿಯಾಗಿದ್ದರೂ ನೆಗೆತ ಪಾಸ್. ಆದ್ದರಿಂದ ನೆಗೆತ ಒಂದನ್ನೇ ನೋಡಿ 'ಆಡಬಹುದು' ಅಂದವರ ಮಾತು ನಂಬಬೇಡಿ, ತೊಡೆಯ ಬಲದ ಅಂಕಿ ಕೇಳಿ.

ಹೆದರಿಕೆಯೂ ಒಂದು ಪರೀಕ್ಷೆಯೇ. ಮಂಡಿ ತಯಾರಾಗಿದ್ದರೂ ಮನಸ್ಸು ತಯಾರಾಗದೆ ಆಟ ಬಿಟ್ಟವರು ಬಹಳ. 2014ರ ಒಂದು ದೊಡ್ಡ ವಿಶ್ಲೇಷಣೆಯಲ್ಲಿ 81 ಪ್ರತಿಶತ ಜನ ಯಾವುದೋ ಒಂದು ಆಟಕ್ಕೆ ಮರಳಿದ್ದರು, ತಮ್ಮ ಹಳೆಯ ಮಟ್ಟಕ್ಕೆ ಮರಳಿದವರು 65 ಪ್ರತಿಶತ, ಸ್ಪರ್ಧೆಗೆ ಮರಳಿದವರು 55 ಮಾತ್ರ. ತಿರುಗುವಾಗ ಮನಸ್ಸು ಹಿಂದೆ ಎಳೆದರೆ ಅದನ್ನು ಬಾಯಿಬಿಟ್ಟು ಫಿಸಿಯೋಗೆ ಹೇಳಿ. ಪೆಟ್ಟಾದ ಅದೇ ಚಲನೆಯನ್ನು ಬಿಡಿಬಿಡಿಯಾಗಿ, ನಿಧಾನಕ್ಕೆ, ಮತ್ತೆ ಮತ್ತೆ ಮಾಡಿಸುವುದೇ ಇದಕ್ಕೆ ಮದ್ದು. 'ಧೈರ್ಯ ತಗೋ' ಅಂತ ಬೆನ್ನು ತಟ್ಟಿದರೆ ಹೋಗುವ ಹೆದರಿಕೆ ಅಲ್ಲ ಇದು. ಮರಳುವುದು ಬೇಡ ಅನ್ನಿಸಿದರೆ ಅದೂ ತಪ್ಪಲ್ಲ, ಸೈಕಲ್, ಈಜು, ಓಟ ಎಲ್ಲ ಇವೆ.

## ಮರಳಿದ ಮೇಲೆ

ಮೊದಲ ಪಂದ್ಯವೇ ಪೂರ್ತಿ ಆಡಬೇಡಿ. ಹದಿನೈದು ಇಪ್ಪತ್ತು ನಿಮಿಷ ಆಡಿ, ಮಾರನೇ ಬೆಳಗ್ಗೆ ಮಂಡಿ ನೋಡಿ, ಮುಂದಿನ ವಾರ ಸ್ವಲ್ಪ ಜಾಸ್ತಿ. ದಣಿದ ಕಾಲು ತಪ್ಪಾಗಿ ಇಳಿಯುತ್ತದೆ, ಅದಕ್ಕೇ ಕೊನೆಯ ನಿಮಿಷಗಳಿಗಿಂತ ಮೊದಲ ನಿಮಿಷಗಳಲ್ಲಿ ಆಡುವುದು ಲೇಸು. ಬ್ರೇಸ್ (ಮಂಡಿಗೆ ಕಟ್ಟುವ ಆಸರೆ ಪಟ್ಟಿ) ಹಾಕಿಕೊಂಡರೆ ಧೈರ್ಯ ಅನ್ನಿಸುವವರು ಹಾಕಿಕೊಳ್ಳಿ, ಆದರೆ ಅದನ್ನು ನಂಬಿಕೊಂಡು ಬಲದ ವ್ಯಾಯಾಮ ಬಿಡಬೇಡಿ.

ಪ್ರತಿ ಅಭ್ಯಾಸಕ್ಕೂ ಮುಂಚೆ ಇಪ್ಪತ್ತು ನಿಮಿಷ ಓಟ, ಬಲ, ಸಮತೋಲನ, ನೆಗೆತ, ತಿರುವು ಎಲ್ಲ ಸೇರಿದ ವಾರ್ಮ್ ಅಪ್ ಮಾಡಿ. ಫುಟ್‌ಬಾಲ್‌ಗಾಗಿ ಫಿಫಾ ರೂಪಿಸಿದ '11+' ಇಂಥದ್ದೇ, ಬೇರೆ ಆಟದವರೂ ಮಾಡಬಹುದು. ಕನಿಷ್ಠ ಎರಡನೇ ವರ್ಷ ಮುಗಿಯುವ ತನಕ ವಾರಕ್ಕೆ ಎರಡು ದಿನ ಭಾರ ಎತ್ತುವುದು ಮುಂದುವರಿಯಲಿ, ಎರಡೂ ಕಾಲಿಗೆ. ಮೂರು ನಾಲ್ಕು ತಿಂಗಳಿಗೊಮ್ಮೆ ತೊಡೆಯ ಬಲ ಮತ್ತೆ ಅಳೆಸಿ. ಪಂದ್ಯದ ದಿನಗಳು ಶುರುವಾದರೆ ಮೊದಲು ಕಡಿಮೆಯಾಗುವುದು ಅದೇ, ಮತ್ತು ಅದು ಕಡಿಮೆಯಾದದ್ದು ಆಡುವವರಿಗೆ ಗೊತ್ತಾಗುವುದಿಲ್ಲ. ನಡುವೆ ಯಾವಾಗಲಾದರೂ ಮಂಡಿ ಜಾರಿದಂತಾದರೆ, ಸಿಕ್ಕಿಹಾಕಿಕೊಂಡರೆ, ಅಥವಾ ಆಡಿದ ರಾತ್ರಿ ಚೆಂಡಿನ ಹಾಗೆ ಊದಿದರೆ ಮುಂದಿನ ಪಂದ್ಯ ಬಿಟ್ಟು ಮೊದಲು ಸರ್ಜನ್‌ಗೆ ತೋರಿಸಿ.